ಅಪ್‌ಲೋಡ್ ಮಾಡಿದ ಫೋಟೊ ಮಂಕಾಗುವುದೇಕೆ? ಕಲರ್ ಪ್ರೊಫೈಲ್ ಸರಿಪಡಿಸುವ ಕ್ರಮ

ಫೋಟೊಶಾಪ್‌ನಲ್ಲಿ ಕಡುಗೆಂಪಾಗಿದ್ದ ರೇಷ್ಮೆ ಸೀರೆ ಜಾಲತಾಣಕ್ಕೆ ಏರಿದ ಮೇಲೆ ಸವೆದಂತೆ ಕಂಡರೆ, ಮೊದಲು ನೋಡಬೇಕಾದ್ದು ಕಲರ್ ಪ್ರೊಫೈಲ್. ಜೆಪೆಗ್ ಫೈಲಿನ ಪ್ರತಿ ಪಿಕ್ಸೆಲ್‌ಗೂ ಕೆಂಪು, ಹಸಿರು, ನೀಲಿಯ ಮೂರು ಅಂಕಿಗಳಿರುತ್ತವೆ. ಆ ಅಂಕಿ ಯಾವ ಬಣ್ಣ ಎಂದು ತಿಳಿಸುವುದು ಪ್ರೊಫೈಲ್‌ನ ಕೆಲಸ. ಜಾಲಕ್ಕೆ ರೂಢಿಯಲ್ಲಿರುವ ಪ್ರೊಫೈಲ್ ಎಸ್‌ಆರ್‌ಜಿಬಿ, ಅದಕ್ಕಿಂತ ಹೆಚ್ಚು ಬಣ್ಣ ಹಿಡಿಯುವ ಅಗಲ ಪ್ರೊಫೈಲ್ ಅಡೋಬಿ ಆರ್‌ಜಿಬಿ. ಎಸ್‌ಆರ್‌ಜಿಬಿಯಲ್ಲಿ 255, 0, 0 ಎಂದಿರುವ ಕೆಂಪೇ ಅಡೋಬಿ ಆರ್‌ಜಿಬಿಯಲ್ಲಿ ಸುಮಾರು 219, 0, 0. ಪ್ರೊಫೈಲ್ ಕಳಚಿಹೋದರೆ ಬ್ರೌಸರ್ ಆ 219ನ್ನು ಎಸ್‌ಆರ್‌ಜಿಬಿ ಅಂಕಿಯೆಂದೇ ಓದುತ್ತದೆ, ಕೆಂಪು ಇಳಿದುಬಿಡುತ್ತದೆ. ಇನ್ನೂ ಅಗಲವಾದ ಪ್ರೊಫೋಟೊ ಆರ್‌ಜಿಬಿ ಫೈಲಾದರೆ ಗತಿ ಇನ್ನೂ ಕೆಟ್ಟದು, ಮುಖದ ಬಣ್ಣವೂ ಉಳಿಯುವುದಿಲ್ಲ.

ಕ್ಯಾಮೆರಾದಿಂದ ಶುರುಮಾಡಿ. ಜೆಪೆಗ್ ತೆಗೆಯುವವರು ಮೆನುವಿನ ಕಲರ್ ಸ್ಪೇಸ್‌ನಲ್ಲಿ ಎಸ್‌ಆರ್‌ಜಿಬಿ ಇಡಿ. ಫೈಲಿನ ಹೆಸರು ಅಂಡರ್‌ಸ್ಕೋರ್‌ನಿಂದ ಶುರುವಾಗುತ್ತಿದ್ದರೆ ಅಲ್ಲಿ ಅಡೋಬಿ ಆರ್‌ಜಿಬಿ ಇದೆ ಎಂದೇ ಸಾಮಾನ್ಯ ಅರ್ಥ. ರಾ ಫೈಲಿಗೆ, ಅಂದರೆ ಸೆನ್ಸರ್‌ನ ಕಚ್ಚಾ ಮಾಹಿತಿಯನ್ನೇ ಉಳಿಸಿದ ಫೈಲಿಗೆ, ಈ ಸೆಟ್ಟಿಂಗ್ ತಟ್ಟುವುದಿಲ್ಲ.

ಲೈಟ್‌ರೂಮ್ ಕ್ಲಾಸಿಕ್‌ನಲ್ಲಿ ಎಕ್ಸ್‌ಪೋರ್ಟ್ ಮಾಡುವಾಗ ಫೈಲ್ ಸೆಟ್ಟಿಂಗ್ಸ್‌ನ ಕಲರ್ ಸ್ಪೇಸ್ ಎಸ್‌ಆರ್‌ಜಿಬಿ ಆಗಿದ್ದರೆ ಸಾಕು. ಫೋಟೊಶಾಪ್‌ನಲ್ಲಿ ಎಡಿಟ್ ಮೆನುವಿನ ಕನ್ವರ್ಟ್ ಟು ಪ್ರೊಫೈಲ್ ತೆರೆದು ಎಸ್‌ಆರ್‌ಜಿಬಿ ಆರಿಸಿ. ಎಲ್ಲೆಯ ಆಚೆಗಿನ ಬಣ್ಣಗಳನ್ನು ಹೇಗೆ ಒಳಗೆ ತರಬೇಕೆಂದು ಹೇಳುವ ಇಂಟೆಂಟ್ ರಿಲೆಟಿವ್ ಕಲರಿಮೆಟ್ರಿಕ್ ಇರಲಿ, ಕಪ್ಪಿನ ಮಟ್ಟ ಹೊಂದಿಸುವ ಬ್ಲ್ಯಾಕ್ ಪಾಯಿಂಟ್ ಕಾಂಪೆನ್ಸೇಶನ್‌ಗೆ ಟಿಕ್ ಹಾಕಿ. ಉಳಿಸುವಾಗ, ಪ್ರೊಫೈಲನ್ನು ಫೈಲಿನೊಳಗೇ ಸೇರಿಸುವ ಎಂಬೆಡ್ ಕಲರ್ ಪ್ರೊಫೈಲ್‌ಗೂ ಟಿಕ್ ಬೇಕು. ಇದರಿಂದ ಹೆಚ್ಚುವುದು ಕೆಲವೇ ಕಿಲೋಬೈಟ್. ಗಿಂಪ್‌ನಲ್ಲಿ ಇದೇ ಕೆಲಸ ಇಮೇಜ್ ಮೆನುವಿನ ಕಲರ್ ಮ್ಯಾನೇಜ್‌ಮೆಂಟ್‌ನಲ್ಲಿದೆ.

ಅಸೈನ್ ಪ್ರೊಫೈಲ್ ಮತ್ತು ಕನ್ವರ್ಟ್ ಟು ಪ್ರೊಫೈಲ್ ಒಂದೇ ಅಲ್ಲ. ಮೆನುವಿನಲ್ಲಿ ಒಂದರ ಕೆಳಗೆ ಒಂದಿರುವುದರಿಂದ ತಪ್ಪುವುದು ಸುಲಭ, ಎಷ್ಟೋ ಫೋಟೊಗಳು ಕೆಡುವುದೂ ಇಲ್ಲೇ. ಕನ್ವರ್ಟ್ ಅಂಕಿಗಳನ್ನು ಬದಲಿಸಿ ಬಣ್ಣವನ್ನು ಆದಷ್ಟೂ ಉಳಿಸುತ್ತದೆ. ಅಸೈನ್ ಅಂಕಿಗಳನ್ನು ಮುಟ್ಟದೆ ಅವುಗಳ ಅರ್ಥ ಬದಲಿಸುತ್ತದೆ, ಹಾಗಾಗಿ ಬಣ್ಣವೇ ಬೇರೆಯಾಗುತ್ತದೆ. ಅಸೈನ್ ಬೇಕಾಗುವುದು ಪ್ರೊಫೈಲ್ ಕಳೆದುಕೊಂಡ ಫೈಲಿಗೆ: ಅದಕ್ಕೆ ಮೊದಲು ಅಡೋಬಿ ಆರ್‌ಜಿಬಿ ಅಸೈನ್ ಮಾಡಿ ನೋಡಿ. ಬಣ್ಣ ಮರಳಿ ಬಂದರೆ ಎಸ್‌ಆರ್‌ಜಿಬಿಗೆ ಕನ್ವರ್ಟ್ ಮಾಡಿ. ಚೈತನ್ಯ ಬಂದಂತಿದ್ದು ಕೆಂಪು ಅತಿಯಾಗಿ ಉರಿಯುತ್ತಿದ್ದರೆ ಆ ಫೈಲು ಮೊದಲೇ ಎಸ್‌ಆರ್‌ಜಿಬಿ ಆಗಿತ್ತು, ಅಸೈನ್ ಮಾಡಿದ್ದನ್ನು ರದ್ದುಮಾಡಿ.

ಕನ್ವರ್ಟ್ ಸರಿಯಾಗಿದ್ದೂ ಸೀರೆಯ ನೆರಿಗೆಗಳು ಮಾಯವಾಗಿ ಕೆಂಪು ಚಪ್ಪಟೆಯಾಗಬಹುದು. ಎಸ್‌ಆರ್‌ಜಿಬಿಯ ಎಲ್ಲೆಯ ಆಚೆಗಿನ ಕೆಂಪುಗಳೆಲ್ಲ ಅಂಚಿಗೆ ಬಂದು ಒತ್ತಿಕೊಂಡಿರುತ್ತವೆ. ಲೈಟ್‌ರೂಮ್‌ನ ಡೆವಲಪ್‌ನಲ್ಲಿ ಸಾಫ್ಟ್ ಪ್ರೂಫಿಂಗ್ (ಬೇರೆ ಪ್ರೊಫೈಲ್‌ನಲ್ಲಿ ಚಿತ್ರ ಹೇಗೆ ಕಾಣುತ್ತದೆಂದು ಮೊದಲೇ ತೋರಿಸುವ ಸೌಲಭ್ಯ) ಹಾಕಿ, ಪ್ರೊಫೈಲ್ ಎಸ್‌ಆರ್‌ಜಿಬಿ ಇಟ್ಟು, ಕೆಂಪಿನ ಸ್ಯಾಚುರೇಶನ್ ಅನ್ನು ನೆರಿಗೆ ಮತ್ತೆ ಕಾಣುವವರೆಗೆ ಸ್ವಲ್ಪ ಸ್ವಲ್ಪವೇ ಇಳಿಸಿ. ಒಟ್ಟು ಚಿತ್ರದ ಸ್ಯಾಚುರೇಶನ್ ಇಳಿಸಬೇಡಿ, ಜರಿ ಬಿಳಿಚಿಕೊಳ್ಳುತ್ತದೆ.

ಐಫೋನ್ 7ರಿಂದೀಚಿನ ಐಫೋನುಗಳು ಎಸ್‌ಆರ್‌ಜಿಬಿಗಿಂತ ಅಗಲವಾದ ಡಿಸ್‌ಪ್ಲೇ ಪಿ3 ಪ್ರೊಫೈಲ್‌ನಲ್ಲಿ ಫೋಟೊ ಉಳಿಸುತ್ತವೆ. ಹಾಗೇ ಏರಿಸಿದರೂ ಪ್ರೊಫೈಲ್ ಉಳಿದಿರುವ ತನಕ ತೊಂದರೆಯಿಲ್ಲ. ಆದರೆ ಚಿತ್ರವನ್ನು ಕಿರಿದಾಗಿಸುವಾಗ ಎಷ್ಟೋ ತಾಣಗಳು ಮೆಟಾಡೇಟಾ (ಫೈಲಿನೊಳಗಿನ ದಿನಾಂಕ, ಕ್ಯಾಮೆರಾದಂಥ ವಿವರ) ಜೊತೆ ಪ್ರೊಫೈಲನ್ನೂ ಅಳಿಸುತ್ತವೆ. ಎಸ್‌ಆರ್‌ಜಿಬಿ ಫೈಲಿಗೆ ಹೀಗಾದರೂ ನಷ್ಟ ಕಡಿಮೆ, ಏಕೆಂದರೆ ಪ್ರೊಫೈಲ್ ಇಲ್ಲದ ಚಿತ್ರವನ್ನು ಬ್ರೌಸರ್ ಎಸ್‌ಆರ್‌ಜಿಬಿ ಎಂದೇ ಭಾವಿಸುತ್ತದೆ.

ಇಷ್ಟಾದರೂ ಬಣ್ಣ ಹೊಂದದಿದ್ದರೆ ಪರದೆಯನ್ನು ಹಳದಿಯಾಗಿಸುವ ನೈಟ್ ಲೈಟ್ ಆಫ್ ಮಾಡಿ, ಮಾನಿಟರಿನ ಬಿಳಿಯನ್ನು 6500 ಕೆಲ್ವಿನ್‌ಗೆ, ನಡುಛಾಯೆಗಳ ಹೊಳಪು ನಿರ್ಧರಿಸುವ ಗಾಮಾವನ್ನು 2.2ಕ್ಕೆ ಕ್ಯಾಲಿಬ್ರೇಟ್ ಮಾಡಿ. ಪ್ರಿಂಟ್‌ಗೆಂದು ಮೂಲ ಫೈಲನ್ನು ಅಗಲ ಪ್ರೊಫೈಲ್‌ನಲ್ಲೇ ಇಟ್ಟುಕೊಂಡು, ಜಾಲಕ್ಕೆ ಪ್ರತಿಯನ್ನಷ್ಟೇ ಕನ್ವರ್ಟ್ ಮಾಡಿ.