ಕಂಬ ಎಣಿಸುವುದನ್ನು ಬಿಟ್ಟು ಖಾಲಿ ಜಾಗ ಎಣಿಸಿದೆ: ಹಳದಿ ಮಾರ್ಗದ ಬೆನ್ನು ಹತ್ತಿದ ನನ್ನ ಅನುಭವ

2025ರ ಆಗಸ್ಟ್ 11ರಂದು, ಬೆಂಗಳೂರಿನ ನಮ್ಮ ಮೆಟ್ರೊದ ಹಳದಿ ಮಾರ್ಗದಲ್ಲಿ ಸಾರ್ವಜನಿಕ ಸಂಚಾರ ಆರಂಭವಾದ ಬೆಳಿಗ್ಗೆ, ನಾನು ಆರ್.ವಿ. ರಸ್ತೆ ನಿಲ್ದಾಣದ ಪ್ಲಾಟ್‌ಫಾರಂ ಮೇಲೆ ಗಡಿಯಾರ ಹಿಡಿದು ನಿಂತಿದ್ದೆ. ಒಂದು ರೈಲು ಹೋಗಿ ಮುಂದಿನದು ಬರಲು 25 ನಿಮಿಷ ಹಿಡಿಯುತ್ತಿತ್ತು. ಅದೇ ಅಂಕಿಯನ್ನು ನಾನು ಮೇ ತಿಂಗಳಲ್ಲೇ ಪುಸ್ತಕದಲ್ಲಿ ಬರೆದು, ಕೆಳಗೆ ತಾರೀಖು ಹಾಕಿ, ನಮ್ಮ ಕಾರ್ಖಾನೆಯ ನಾಲ್ವರಿಗೆ ತೋರಿಸಿದ್ದೆ. ಮೆಟ್ರೊ ಕಾಮಗಾರಿ ನೋಡುತ್ತಾ ರೈಲು ಯಾವಾಗ ಓಡುತ್ತದೆಂದು ನಾನು ಹಾಕುತ್ತಿದ್ದ ಲೆಕ್ಕವನ್ನು ಆರೇಳು ವರ್ಷ ವ್ಯರ್ಥ ಕೆಲಸ ಎಂದವರೂ ಅದೇ ನಾಲ್ವರು. ಈಗ ಅವರೇ ಮೆಟ್ರೊದ ಗುಲಾಬಿ ಮಾರ್ಗ ಯಾವಾಗ ಎಂದು ಕೇಳುತ್ತಿರುವುದರಿಂದ, ನಾನು ಮಾಡಿದ್ದನ್ನು ಬರೆದಿಡುವ ಧೈರ್ಯ ಬಂದಿದೆ.

ನನ್ನ ಮನೆ ಬನಶಂಕರಿಯಲ್ಲಿ, ಕೆಲಸ ಬೊಮ್ಮಸಂದ್ರದಲ್ಲಿ. ಹೀಗಾಗಿ ಈ 19 ಕಿಲೋಮೀಟರ್ ಮಾರ್ಗ ನನ್ನ ದಿನನಿತ್ಯದ ದಾರಿಯೇ ಆಗಿತ್ತು. 2018ರಲ್ಲಿ ಎಲ್ಲರಂತೆ ನಾನೂ ಪಿಲ್ಲರ್ ಎಣಿಸಲು ತೊಡಗಿದೆ. ಕಾರ್ಖಾನೆಯ ಬಸ್ಸಿನಲ್ಲಿ ಕಿಟಕಿ ಪಕ್ಕ ಕುಳಿತು, ಎದ್ದು ನಿಂತ ಕಂಬಕ್ಕೆ ಒಂದು ಗೆರೆ, ಪಿಯರ್ ಕ್ಯಾಪ್ (ಕಂಬದ ತಲೆಯ ಮೇಲಿನ ಕಾಂಕ್ರೀಟ್ ತೊಲೆ) ಕೂತ ಕಂಬಕ್ಕೆ ಎರಡು ಗೆರೆ ಹಾಕುತ್ತಿದ್ದೆ. 2019ರ ಕೊನೆಯ ಹೊತ್ತಿಗೆ ಹೊಸೂರು ರಸ್ತೆಯ ಉದ್ದಕ್ಕೂ ಕಂಬಗಳು ಎಷ್ಟು ವೇಗವಾಗಿ ಎದ್ದಿದ್ದವೆಂದರೆ, 2021ರ ದೀಪಾವಳಿಗೆ ರೈಲು ಓಡುತ್ತದೆ ಎಂದು ಊಟದ ಮನೆಯಲ್ಲಿ ಎಲ್ಲರ ಮುಂದೆ ಹೇಳಿಬಿಟ್ಟೆ. ಆ ದೀಪಾವಳಿ ಬಂದಾಗ ರೈಲಿರಲಿ, ದಾರಿಯ ನಡುವಿನ ಜಯದೇವ ಜಂಕ್ಷನ್ ಬಳಿ ಹಳಿ ಹಾಕುವುದಕ್ಕೆ ಮೇಲುಸೇತುವೆಯೂ ಇರಲಿಲ್ಲ. ನಮ್ಮ ವಿಭಾಗದ ಹಿರಿಯರೊಬ್ಬರು, "ಏನ್ ಸ್ವಾಮಿ, ನೀವು ಎಣಿಸಿದ್ರೆ ರೈಲು ಬೇಗ ಬರತ್ತಾ?" ಎಂದು ಕೇಳಿದರು. ಆ ಮಾತು ನನಗೆ ನಿಜವಾಗಿಯೂ ನಾಟಿತು.

ತಪ್ಪು ಎಲ್ಲಿತ್ತೆಂದು ತಿಳಿಯಲು ಹಳೆಯ ಪುಟಗಳನ್ನು ಮತ್ತೆ ಮತ್ತೆ ತಿರುವಿ ಹಾಕಿದೆ. ಸಿಂಗಸಂದ್ರ, ಹೊಸ ರೋಡ್ ನಿಲ್ದಾಣಗಳ ಕಡೆಯ ನೂರು ಕಂಬಗಳು ಎದ್ದಿದ್ದಕ್ಕೆ ನಾನು ಎಷ್ಟು ಅಂಕ ಕೊಟ್ಟಿದ್ದೆನೋ, ಜಯದೇವದಲ್ಲಿ ಏನೂ ಏಳದೆ ಇದ್ದುದಕ್ಕೆ ಅದರ ಒಂದು ಪಾಲನ್ನೂ ಕಳೆದಿರಲಿಲ್ಲ. ಅಲ್ಲಿ ಹಳೆಯ ಫ್ಲೈಓವರ್ ಒಡೆಯುವ ಕೆಲಸವೇ 2020ರಲ್ಲಿ ನಡೆದದ್ದು. ಅದಾದ ಮೇಲೆ ಅಂಡರ್‌ಪಾಸ್, ನೆಲದ ರಸ್ತೆ, ಅದರ ಮೇಲೆ ವಾಹನಗಳ ಸೇತುವೆ, ಅದರ ಮೇಲೆ ಹಳದಿ ಮಾರ್ಗ, ಎಲ್ಲಕ್ಕಿಂತ ಮೇಲೆ ಗುಲಾಬಿ ಮಾರ್ಗ, ಹೀಗೆ ಐದು ಹಂತಗಳು ಒಂದೇ ಜಾಗದಲ್ಲಿ ಕೂರಬೇಕಿತ್ತು. ರಾಗಿಗುಡ್ಡದಿಂದ ಸಿಲ್ಕ್ ಬೋರ್ಡ್‌ವರೆಗಿನ 3.3 ಕಿಲೋಮೀಟರ್ ಡಬಲ್ ಡೆಕರ್ ಭಾಗದಲ್ಲಿ ಕೆಳಗಿನ ರಸ್ತೆ ಸುಮಾರು 8 ಮೀಟರ್, ಮೇಲಿನ ಹಳಿ ಸುಮಾರು 16 ಮೀಟರ್ ಎತ್ತರದಲ್ಲಿರುವುದರಿಂದ ಅಲ್ಲಿನ ಒಂದು ಸ್ಪ್ಯಾನನ್ನು (ಎರಡು ಕಂಬಗಳ ನಡುವಿನ ಭಾಗವನ್ನು) ಹೊಸ ರೋಡಿನ ಒಂದು ಸ್ಪ್ಯಾನಿಗೆ ಸಮ ಎಂದು ಎಣಿಸುವುದೇ ತಪ್ಪು ಲೆಕ್ಕ.

ಅಂದಿನಿಂದ ಎದ್ದದ್ದನ್ನು ಬರೆಯುವುದನ್ನು ನಿಲ್ಲಿಸಿ, ತುಂಬದೆ ಉಳಿದ ಖಾಲಿ ಜಾಗಗಳನ್ನು ಮಾತ್ರ ಬರೆಯತೊಡಗಿದೆ. ಎರಡು ಕಂಬಗಳ ನಡುವೆ ಸೆಗ್ಮೆಂಟ್, ಅಂದರೆ ಸೇತುವೆಯ ಕಾಂಕ್ರೀಟ್ ತುಂಡುಗಳು, ಕೂರದಿದ್ದರೆ ಅದು ಒಂದು ಖಾಲಿ. ಪ್ರತಿ ತಿಂಗಳ ಮೊದಲ ಭಾನುವಾರ ಇಡೀ ದಾರಿಯನ್ನು ಬಸ್ಸಿನಲ್ಲಿ ಎರಡು ಸಲ ಹೋಗಿ ಬರುತ್ತಿದ್ದೆ. ಹೋಗುವಾಗ ಕೆಳಗಿನ ರಸ್ತೆ, ಬರುವಾಗ 2010ರಲ್ಲಿ ತೆರೆದ ಎಲಿವೇಟೆಡ್ ಎಕ್ಸ್‌ಪ್ರೆಸ್‌ವೇ. ಮೇಲಿನಿಂದ ನೋಡಿದರೆ ವಯಡಕ್ಟ್ (ಮೆಟ್ರೊ ಹಳಿಯ ಎತ್ತರದ ಸೇತುವೆ) ಹೆಚ್ಚು ಕಡಿಮೆ ಕಣ್ಣಿನ ಮಟ್ಟಕ್ಕೆ ಸಿಗುತ್ತದೆ, ಹಳಿ ಮತ್ತು ರೈಲಿಗೆ ವಿದ್ಯುತ್ ಕೊಡುವ ಥರ್ಡ್ ರೈಲ್ ಎಲ್ಲಿಯವರೆಗೆ ಬಂದಿವೆ ಎಂಬುದು ಕೆಳಗಿನಿಂದ ಎಂದೂ ತಿಳಿಯುವಂಥದ್ದಲ್ಲ. ಸೆಗ್ಮೆಂಟುಗಳನ್ನು ಎತ್ತಿ ಕೂರಿಸುವ ಯಂತ್ರವಾದ ಲಾಂಚಿಂಗ್ ಗರ್ಡರ್ ನೇರ ದಾರಿಯಲ್ಲಿ ಒಂದು ಸ್ಪ್ಯಾನ್ ಮುಗಿಸಲು ನಾಲ್ಕೈದು ದಿನ, ತಿರುವಿನಲ್ಲಿ ಅದರ ಎರಡರಷ್ಟು ದಿನ ತೆಗೆದುಕೊಳ್ಳುತ್ತಿತ್ತೆಂದು ನನ್ನ ನೆನಪು. ಹೊಸೂರು ರಸ್ತೆಯ ಖಾಲಿಗಳು ತಿಂಗಳಿಗೆ ಹತ್ತು ಹನ್ನೆರಡರಂತೆ ಕರಗುತ್ತಿದ್ದಾಗ ಜಯದೇವ ಮತ್ತು ಸಿಲ್ಕ್ ಬೋರ್ಡ್ ನಡುವಿನ ಅಂಕಿ ಐದು ತಿಂಗಳು ಒಂದೇ ಕಡೆ ನಿಂತದ್ದೂ ಉಂಟು. ಮಾರ್ಗದ ವೇಗ ಎಂದರೆ ಆ ನಿಂತ ಅಂಕಿಯ ವೇಗವೇ ಹೊರತು ಬೇರೆಯದಲ್ಲ ಎಂಬುದು ಆಗ ಖಚಿತವಾಯಿತು.

ಫೋಟೊಗಳಲ್ಲಿ ಕೈಸುಟ್ಟುಕೊಂಡದ್ದು ಹೆಚ್ಚು. ಮೊದಲ ವರ್ಷದ ಎರಡು ಸಾವಿರದಷ್ಟು ಚಿತ್ರಗಳಲ್ಲಿ ಒಂದನ್ನೂ ಇನ್ನೊಂದರ ಪಕ್ಕ ಇಟ್ಟು ಹೋಲಿಸಲು ಬರುವುದಿಲ್ಲ, ಏಕೆಂದರೆ ಪ್ರತಿ ಸಲ ನಿಂತ ಜಾಗ ಬೇರೆ. ಬಳಿಕ ಹದಿನೇಳು ಜಾಗಗಳನ್ನು ಗೊತ್ತು ಮಾಡಿಕೊಂಡು, ಪ್ರತಿಯೊಂದರಲ್ಲೂ ಅಲುಗಾಡದ ಒಂದು ಗುರುತನ್ನು, ಹೆಚ್ಚಾಗಿ ಕಟ್ಟಡದ ಮೂಲೆ ಅಥವಾ ನೀರಿನ ಟ್ಯಾಂಕನ್ನು, ಚೌಕಟ್ಟಿನ ಎಡ ಅಂಚಿಗೆ ತಾಗಿಸಿ ತೆಗೆಯುವ ಕ್ರಮ ಹಿಡಿದೆ. ಮರವನ್ನು ಗುರುತಾಗಿ ಇಟ್ಟುಕೊಳ್ಳಬೇಡಿ. ನಾನು ಇಟ್ಟುಕೊಂಡ ಎರಡು ಮರಗಳೂ ಕಾಮಗಾರಿಯಲ್ಲೇ ಹೋದವು. ಜಯದೇವದ ಐದೂ ಹಂತಗಳು ಒಂದೇ ಚಿತ್ರದಲ್ಲಿ ಸಿಗುವ ಜಾಗವೊಂದಿದೆ, ಅದನ್ನು ಮಾತ್ರ ನಾನು ಯಾರಿಗೂ ಹೇಳಿಲ್ಲ, ಇಲ್ಲಿಯೂ ಹೇಳುವುದಿಲ್ಲ.

ಖರ್ಚು ಹೀಗಿತ್ತು. ಹಳೆಯ ಕ್ಯಾಮೆರಾ ಮತ್ತು ಲೆನ್ಸಿಗೆ ಸುಮಾರು 22,000 ರೂಪಾಯಿ. ಬಸ್ ಪಾಸು, ಚಹಾ, ತಿಂಡಿ ಸೇರಿ ತಿಂಗಳಿಗೆ 400ರ ಆಸುಪಾಸು. ಹಾರ್ಡ್ ಡಿಸ್ಕ್ ಕೆಟ್ಟು ಹದಿನಾಲ್ಕು ತಿಂಗಳ ಚಿತ್ರಗಳು ಹೋದವು, ಅವನ್ನು ಮರಳಿ ತೆಗೆಸಲು ಅಂಗಡಿಯೊಂದಕ್ಕೆ 9,000 ಕೊಟ್ಟು ಏನೂ ಸಿಗಲಿಲ್ಲ. ಜಯದೇವದ ಹಳೆಯ ಫ್ಲೈಓವರ್ ಒಡೆಯುವ ಚಿತ್ರಗಳು ಅದರಲ್ಲೇ ಇದ್ದವು, ಅದರ ಸಂಕಟ ಈಗಲೂ ಇದೆ. ಎಲ್ಲಕ್ಕಿಂತ ದೊಡ್ಡ ನಷ್ಟ ಡ್ರೋನಿನದು. 28,000 ಕೊಟ್ಟು ತಂದು, ಅನುಮತಿಯ ನಿಯಮಗಳನ್ನು ಓದಿದ ಮೇಲೆ ಒಂದು ದಿನವೂ ಹಾರಿಸದೆ 17,000ಕ್ಕೆ ಮಾರಿದೆ. ಕೊಳ್ಳುವ ಮೊದಲೇ ನಿಯಮ ಓದಬೇಕಿತ್ತು.

ನಡುವೆ ಕೆಲವು ಬೇರೆ ಪ್ರಯೋಗಗಳೂ ನಡೆದವು. ಸೆಗ್ಮೆಂಟು ಎರಕ ಹೊಯ್ಯುವ ಕಾಸ್ಟಿಂಗ್ ಯಾರ್ಡಿನ ಬೇಲಿಯ ಆಚೆ ಪೇರಿಸಿಟ್ಟ ಸೆಗ್ಮೆಂಟುಗಳನ್ನು ಎಣಿಸಿ, ಸ್ಪ್ಯಾನಿಗೆ ಹತ್ತರಂತೆ ಭಾಗಿಸಿ, ಮುಂದಿನ ತಿಂಗಳ ಕೆಲಸ ಊಹಿಸಲು ನೋಡಿದೆ. ನಾಲ್ಕು ತಿಂಗಳು ಸರಿಯಾಗಿಯೇ ಬಂತು, ಆಮೇಲೆ ಪೂರ್ತಿ ಕೆಟ್ಟಿತು, ಏಕೆಂದರೆ ರಾಶಿ ಬೆಳೆಯುವುದು ಕೆಲಸ ನಡೆಯುವಾಗ ಮಾತ್ರವಲ್ಲ, ನಿಂತಾಗಲೂ ಬೆಳೆಯುತ್ತದೆ. ನಿಲ್ದಾಣಗಳಲ್ಲಿ ರಾತ್ರಿ ದೀಪ ಉರಿಯುವುದನ್ನು ಗುರುತು ಹಾಕಿಕೊಂಡದ್ದು ಮಾತ್ರ ಉಪಯೋಗಕ್ಕೆ ಬಂತು. ಹದಿನಾರು ನಿಲ್ದಾಣಗಳಲ್ಲಿ ಕೊನೆಯ ಮೂರರಲ್ಲಿ ದೀಪ ಬಂದಾಗ ಕಟ್ಟಡದ ಕೆಲಸ ಇನ್ನು ಅಡ್ಡಿಯಲ್ಲ ಎಂದು ಬರೆದೆ.

ಒಂದು ಮಾತನ್ನು ಈ ಕೆಲಸ ಮಾಡುವ ಎಲ್ಲರಿಗೂ ಹೇಳಬೇಕು. 2023ರ ಜನವರಿಯಲ್ಲಿ ನಾಗವಾರದ ಬಳಿ, ಬೇರೊಂದು ಮಾರ್ಗದ ಕಾಮಗಾರಿಯಲ್ಲಿ, ಕಂಬದ ಕಬ್ಬಿಣದ ಹಂದರ ರಸ್ತೆಗೆ ಬಿದ್ದು ದ್ವಿಚಕ್ರ ವಾಹನದಲ್ಲಿದ್ದ ತಾಯಿ ಮತ್ತು ಎಳೆಯ ಮಗು ತೀರಿಕೊಂಡರು. ಅದಕ್ಕೂ ಮುನ್ನ ನಾನು ಬ್ಯಾರಿಕೇಡಿಗೆ ಒರಗಿ ನಿಂತು ಎಷ್ಟೋ ಚಿತ್ರ ತೆಗೆದಿದ್ದೆ. ಆ ದಿನದಿಂದ ಕಾಮಗಾರಿಯ ಬದಿಯಲ್ಲಿ ನಿಲ್ಲುವುದನ್ನು ಬಿಟ್ಟು, ಹದಿನೇಳರಲ್ಲಿ ಆರು ಜಾಗಗಳನ್ನು ರಸ್ತೆಯ ಆಚೆ ಬದಿಗೆ ಬದಲಿಸಿದೆ. ಚಿತ್ರಗಳ ಸಾಲು ಅಲ್ಲಿ ತುಂಡಾಗಿದೆ, ತುಂಡಾಗಿಯೇ ಇರಲಿ.

ಜನರ ಲೆಕ್ಕ ಮತ್ತು ನನ್ನ ಲೆಕ್ಕ ಪೂರ್ತಿ ಬೇರೆಯಾದದ್ದು 2024ರ ಫೆಬ್ರುವರಿಯಲ್ಲಿ. ಚೀನಾದಲ್ಲಿ ತಯಾರಾದ ಮೊದಲ ಆರು ಬೋಗಿಗಳ ರೈಲು ಚೆನ್ನೈ ಬಂದರಿನಿಂದ ಟ್ರೇಲರುಗಳ ಮೇಲೆ ಹೆಬ್ಬಗೋಡಿ ಡಿಪೋಗೆ ಬಂದಾಗ, ನಾಲ್ಕೈದು ತಿಂಗಳಲ್ಲಿ ಸಂಚಾರ ಎಂಬ ಮಾತು ಎಲ್ಲೆಡೆ ಇತ್ತು. ಖಾಲಿಗಳ ಪುಟದಲ್ಲಿ ಆಗ ಸೊನ್ನೆ ಬಂದಿತ್ತು, ಆದ್ದರಿಂದ ನಾನು ರೈಲುಗಳ ಖಾಲಿ ಎಂಬ ಹೊಸ ಪುಟ ತೆರೆದೆ. ನೇರಳೆ ಮಾರ್ಗದ ಮೊದಲ ರೈಲು 2010ರ ಕೊನೆಯಲ್ಲಿ ಕಾಣಿಸಿ, ಸಂಚಾರ 2011ರ ಅಕ್ಟೋಬರ್ 20ರಂದು ಆರಂಭವಾಗಿತ್ತು, ಅಂದರೆ ಸುಮಾರು ಹತ್ತು ತಿಂಗಳು. ಇಲ್ಲಿ ರೈಲಿನ ಮಾದರಿಯೂ ಹೊಸದು, ಚಾಲಕನಿಲ್ಲದೆ ಓಡಬಲ್ಲ ಸಿಗ್ನಲ್ ವ್ಯವಸ್ಥೆಯೂ ಹೊಸದು, ಪ್ರಯೋಗಗಳು ಮುಗಿದು ಸುರಕ್ಷತಾ ಆಯುಕ್ತರ ಒಪ್ಪಿಗೆ ಬರಬೇಕು, ಮೇಲಾಗಿ ಮುಂದಿನ ರೈಲುಗಳು ಪಶ್ಚಿಮ ಬಂಗಾಳದ ಕಾರ್ಖಾನೆಯಿಂದ ಬರಬೇಕು. ಒಂದೇ ರೈಲಿನಿಂದ ಸಂಚಾರ ನಡೆಸಲಾಗದು, ಮೂರಾದರೂ ಬೇಕು. ಹೀಗಾಗಿ 2025ರ ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಎಂದು ಬರೆದೆ. ಹಿರಿಯರು ಆಗಲೂ ತಲೆಯಾಡಿಸಿದರು. ಎರಡನೆಯ ರೈಲು ಬಂದದ್ದು 2025ರ ಫೆಬ್ರುವರಿಯಲ್ಲಿ, ಮೂರನೆಯದು ಮೇ ತಿಂಗಳಲ್ಲಿ.

25 ನಿಮಿಷದ ಅಂಕಿ ಬಂದ ಬಗೆ ಸರಳ. ಹಸಿರು ಮಾರ್ಗದಲ್ಲಿ ಹಲವು ಸಲ ಗಡಿಯಾರ ಹಿಡಿದು ಓಡಾಡಿ, ನಿಲುಗಡೆಗಳೂ ಸೇರಿ ಗಂಟೆಗೆ 33 ಕಿಲೋಮೀಟರ್ ಚಿಲ್ಲರೆ ಎಂದು ಕಂಡುಕೊಂಡಿದ್ದೆ. ಆ ವೇಗದಲ್ಲಿ 19 ಕಿಲೋಮೀಟರಿಗೆ ಒಂದು ಕಡೆಗೆ 34 ನಿಮಿಷ, ಪ್ರತಿ ತುದಿಯಲ್ಲಿ ತಿರುಗಲು ಮೂರು ನಾಲ್ಕು ನಿಮಿಷ, ಹೋಗಿ ಬರುವ ಒಂದು ಸುತ್ತಿಗೆ ಒಟ್ಟು 75. ಮೂರು ರೈಲುಗಳಿಗೆ ಭಾಗಿಸಿದರೆ 25. ತುದಿಯ ನಿಮಿಷಗಳನ್ನು ಹೇಗೆ ಹಿಡಿದೆ ಎಂಬುದರಲ್ಲಿ ಒಂದು ಸಣ್ಣ ಉಪಾಯವಿದೆ, ಅದು ಸದ್ಯಕ್ಕೆ ನನ್ನ ಬಳಿಯೇ ಇರಲಿ. ಅದೇ ಪುಟದಲ್ಲಿ ನಾಲ್ಕನೆಯ ರೈಲು ಬಂದರೆ 19, ಐದನೆಯದು ಬಂದರೆ 15 ಎಂದೂ ಬರೆದಿಟ್ಟಿದ್ದೆ. ಸೆಪ್ಟೆಂಬರಿನಲ್ಲಿ ನಾಲ್ಕನೆಯದು ಸೇರಿ ಅಂತರ 19 ನಿಮಿಷಕ್ಕೆ ಇಳಿಯಿತು, ನವೆಂಬರಿನಲ್ಲಿ ಐದನೆಯದು ಸೇರಿ 15 ಆಯಿತು.

ಗುಲಾಬಿ ಮಾರ್ಗಕ್ಕೆ ಹೊಸ ಪುಸ್ತಕ ತೆರೆದಿದ್ದೇನೆ. ಅದರ 21 ಕಿಲೋಮೀಟರಿನಲ್ಲಿ ಕಾಳೇನ ಅಗ್ರಹಾರದಿಂದ ತಾವರೆಕೆರೆಯವರೆಗಿನ 7.5 ಮಾತ್ರ ಕಣ್ಣಿಗೆ ಕಾಣುವುದು, ಉಳಿದದ್ದು ನೆಲದಡಿ. ನೆಲದಡಿಯ ಖಾಲಿಯನ್ನು ಎಣಿಸುವ ಬಗೆ ಸಿಗದ ಕಾರಣ, ಆ ಪುಟದಲ್ಲಿ ಡಿಪೋಗೆ ಬರುವ ರೈಲುಗಳನ್ನು ಮಾತ್ರ ಬರೆಯುತ್ತಿದ್ದೇನೆ.