ಹೊಸ ಸರ್ವರ್ ತರುವ ಮೊದಲು ಹಳೆಯದರ ನಾಡಿ ಹಿಡಿದು ನೋಡಿ

ಮುಂಬಯಿಯ ಮಸ್ಜಿದ್ ಬಂದರಿನ ಒಂದು ಟ್ರಾನ್ಸ್‌ಪೋರ್ಟ್ ಆಫೀಸಿಗೆ ಹೊಸ ಸರ್ವರ್ ಬಂತು. ಶನಿವಾರ ಸಂಜೆ ಹುಡುಗರು ಸೀದಾ ಮೈಗ್ರೇಷನ್‌ಗೆ, ಅಂದರೆ ಹಳೆಯದರಲ್ಲಿದ್ದದ್ದನ್ನು ಹೊಸದಕ್ಕೆ ದಾಟಿಸಲು, ಕೂತರು. ಸೋಮವಾರ ಬೆಳಿಗ್ಗೆ ಮಾಲೀಕರು ನನಗೆ ಫೋನ್ ಮಾಡಿದರು: "ಯಾರಿಗೂ ಸರ್ವರಿನ ಡ್ರೈವ್ ಕಾಣ್ತಾ ಇಲ್ಲ ಮಾರಾಯ್ರೇ, ಬಿಲ್ಲು ಹೇಗೆ ಮಾಡೋದು?" ಕಾಯಿಲೆ ಇದ್ದದ್ದು ಹಳೆ ಸರ್ವರಿನಲ್ಲಿ. ಕೆಲಸ ಶುರು ಮಾಡುವ ಮೊದಲು ಅದನ್ನು ಯಾರೂ ತೆರೆದು ನೋಡಿರಲಿಲ್ಲ.

ಅದು ಮೈಕ್ರೋಸಾಫ್ಟ್‌ನ ಸ್ಮಾಲ್ ಬಿಸಿನೆಸ್ ಸರ್ವರ್ 2011. ಅದರ ಎಕ್ಸ್‌ಟೆಂಡೆಡ್ ಸಪೋರ್ಟ್ ಕೂಡ 2020ರ ಜನವರಿ 14ಕ್ಕೇ ಮುಗಿದಿದೆ. ಬದಲಿಸಲೇಬೇಕು, ಆದರೆ ಹೀಗೆ ಬದಲಿಸಿ.

ಮೊದಲು ಬ್ಯಾಕಪ್. ಸಿಸ್ಟಮ್ ಸ್ಟೇಟ್ (ವಿಂಡೋಸ್‌ನ ಸೆಟ್ಟಿಂಗ್, ಯೂಸರ್ ಪಟ್ಟಿ ಇತ್ಯಾದಿ) ಸೇರಿಸಿ ಎರಡು ಪ್ರತಿ ಮಾಡಿ, ಒಂದು ಆಫೀಸಿನ ಹೊರಗಿರಲಿ. ಪೆನ್‌ಡ್ರೈವ್ ಬೇಡವೇ ಬೇಡ. ಟ್ಯಾಲಿ ಫೋಲ್ಡರನ್ನು ಆ ಬ್ಯಾಕಪ್‌ನಿಂದ ಬೇರೆ ಕಂಪ್ಯೂಟರಿಗೆ ಇಳಿಸಿ, ತೆರೆದು, ಕೊನೆಯ ವೋಚರ್ ಕಣ್ಣಾರೆ ನೋಡಿ.

ಹಳೆ ಸರ್ವರಿನ ನೆಟ್‌ವರ್ಕ್ ಕಾರ್ಡಿನ ಡಿಎನ್‌ಎಸ್‌ನಲ್ಲಿ (ಹೆಸರು ಕೊಟ್ಟರೆ ವಿಳಾಸ ಹುಡುಕಿಕೊಡುವ ವ್ಯವಸ್ಥೆ) ಸರ್ವರಿನ ಸ್ವಂತ ಐಪಿ ಮಾತ್ರ ಇರಲಿ. ರೂಟರ್ ಅಥವಾ ಗೂಗಲ್‌ನ 8.8.8.8 ಹಾಕಿದ್ದರೆ ತೆಗೆಯಿರಿ.

ಈಗ ಎಲ್ಲರೂ ಎಡವುವ ಜಾಗ. ಇವೆಂಟ್ ವ್ಯೂವರ್‌ನಲ್ಲಿ ಫೈಲ್ ರೆಪ್ಲಿಕೇಷನ್ ಸರ್ವಿಸ್‌ನ (ಎಫ್‌ಆರ್‌ಎಸ್, ಸರ್ವರುಗಳ ನಡುವೆ ಫೈಲು ನಕಲಿಸುವ ಸೇವೆ) ಲಾಗ್ ತೆರೆಯಿರಿ. 13568 ಎಂಬ ಸಂಖ್ಯೆ ಇದೆಯಾ? ಅದು ಜರ್ನಲ್ ರ‍್ಯಾಪ್. ಡಿಸ್ಕಿನ ಬದಲಾವಣೆಗಳನ್ನು ಬರೆದಿಡುವ ಜರ್ನಲ್‌ನಲ್ಲಿ ಈ ಸರ್ವಿಸ್ ಎಲ್ಲಿವರೆಗೆ ಓದಿತ್ತೋ ಆ ಪುಟವೇ ಅಳಿಸಿಹೋಗಿದೆ ಅಂತ ಅರ್ಥ. ಕರೆಂಟ್ ಹೋಗಿ ಸರ್ವರ್ ದಿಢೀರನೆ ಆಫ್ ಆದಾಗ ಹೀಗಾಗುವುದುಂಟು. ಯುಪಿಎಸ್ ಬ್ಯಾಟರಿ ಸತ್ತಿದ್ದರೆ ಇವತ್ತೇ ಬದಲಿಸಿ.

ಆ ಸಂದೇಶದಲ್ಲೇ ಒಂದು ಔಷಧಿ ಬರೆದಿರುತ್ತದೆ: ಆಟೋಮ್ಯಾಟಿಕ್ ರಿಸ್ಟೋರ್ ಅನ್ನು 1 ಮಾಡಿ ಅಂತ. ಆಫೀಸಿನಲ್ಲಿ ಇದೊಂದೇ ಡೊಮೈನ್ ಕಂಟ್ರೋಲರ್ (ಎಲ್ಲರ ಲಾಗಿನ್ ನೋಡಿಕೊಳ್ಳುವ ಸರ್ವರ್) ಆಗಿದ್ದರೆ ಖಂಡಿತಾ ಮಾಡಬೇಡಿ. ಹಾಗೆ ಮಾಡಿದರೆ ಸರ್ವರ್ ತನ್ನ ಫೈಲುಗಳನ್ನು ಬದಿಗೆ ಸರಿಸಿ, ಇನ್ನೊಂದು ಸರ್ವರ್ ಸರಿಯಾದ ಪ್ರತಿ ಕೊಡಲಿ ಅಂತ ಕಾಯುತ್ತದೆ. ಕೊಡಲು ಇನ್ನೊಂದು ಇಲ್ವಲ್ಲ! ಪಾಲಿಸಿ, ಲಾಗಿನ್ ಸ್ಕ್ರಿಪ್ಟುಗಳಿರುವ ಸಿಸ್‌ವಾಲ್, ನೆಟ್‌ಲಾಗಾನ್ ಶೇರ್‌ಗಳು ಮಾಯ. ಆ ಆಫೀಸಿನಲ್ಲಿ ಆದದ್ದೂ ಇದೇ.

ಒಂದೇ ಕಂಟ್ರೋಲರ್ ಇದ್ದರೆ ಅದರ ಬದಲು ಹೀಗೆ ಮಾಡಿ. ಮೊದಲು ಸಿಸ್‌ವಾಲ್ ಫೋಲ್ಡರಿನ ಪಾಲಿಸಿ, ಸ್ಕ್ರಿಪ್ಟುಗಳನ್ನು ಬೇರೆ ಕಡೆ ನಕಲು ಮಾಡಿ. ಸರ್ವಿಸ್ ನಿಲ್ಲಿಸಿ. ರಿಜಿಸ್ಟ್ರಿಯಲ್ಲಿ ಆ ಸರ್ವಿಸ್‌ನ 'ಪ್ರಾಸೆಸ್ ಅಟ್ ಸ್ಟಾರ್ಟಪ್' ಕೀ ಒಳಗಿನ 'ಬರ್‌ಫ್ಲ್ಯಾಗ್ಸ್' ಅನ್ನು ಹೆಕ್ಸ್‌ನಲ್ಲಿ ಡಿ4 ಮಾಡಿ. 'ನನ್ನ ಪ್ರತಿಯೇ ಸರಿ' ಅಂತ ಸರ್ವರಿಗೆ ಹೇಳಿದ ಹಾಗೆ ಇದು. ಸರ್ವಿಸ್ ಮತ್ತೆ ಶುರು ಮಾಡಿ ಕಾಯಿರಿ. ಲಾಗ್‌ನಲ್ಲಿ 13553, ಆಮೇಲೆ 13516 ಬಂದರೆ ಗೆದ್ದಿರಿ. ಕಮಾಂಡ್ ಪ್ರಾಂಪ್ಟ್‌ನಲ್ಲಿ 'ನೆಟ್ ಶೇರ್' ಹೊಡೆದು ಎರಡೂ ಶೇರ್ ಇವೆಯಾ ನೋಡಿ. ಎರಡು ಡೊಮೈನ್ ಕಂಟ್ರೋಲರ್ ಇರುವ ಕಡೆ ಮಾತ್ರ ಇದನ್ನು ಸುಮ್ನೆ ಪ್ರಯೋಗ ಮಾಡಬೇಡಿ, ತಿಳಿದವರನ್ನು ಕರೆಯಿರಿ.

ಇನ್ನೊಂದು ಮಾತು. ಸರ್ವರ್ 2019 ಅಥವಾ ಅದಕ್ಕಿಂತ ಹೊಸದು ಹಾಕುವುದಿದ್ದರೆ, ಸಿಸ್‌ವಾಲ್ ಹಳೆ ಎಫ್‌ಆರ್‌ಎಸ್‌ನಿಂದ ಅದರ ಜಾಗಕ್ಕೆ ಬಂದ ಹೊಸ ಸೇವೆ ಡಿಎಫ್‌ಎಸ್‌ಆರ್‌ಗೆ ದಾಟಿರಬೇಕು. ಇಲ್ಲದಿದ್ದರೆ ಹೊಸದನ್ನು ಡೊಮೈನ್ ಕಂಟ್ರೋಲರ್ ಮಾಡಲು ಆಗುವುದಿಲ್ಲ. ಹಾಗೆ ದಾಟಿಸಲು ಡೊಮೈನ್ ಫಂಕ್ಷನಲ್ ಲೆವೆಲ್ ಕನಿಷ್ಠ ಸರ್ವರ್ 2008 ಬೇಕು. 'ಡಿಎಫ್‌ಎಸ್‌ಆರ್‌ಮಿಗ್' ಎಂಬ ಕಮಾಂಡ್ 1, 2, 3 ಎಂಬ ಮೂರು ಹಂತಗಳಲ್ಲಿ ದಾಟಿಸುತ್ತದೆ. ಒಂದೊಂದೂ ಪೂರ್ತಿಯಾದ ಮೇಲೆಯೇ ಮುಂದಿನದು. 3 ಆದ ಮೇಲೆ ಹಿಂದಕ್ಕೆ ದಾರಿಯಿಲ್ಲ.

ಈ ಎಲ್ಲ ತಯಾರಿಯನ್ನು ಮೈಗ್ರೇಷನ್‌ಗೆ ಒಂದು ವಾರ ಮೊದಲೇ ಮುಗಿಸಿ, ವಾರಪೂರ್ತಿ ಲಾಗ್ ನೋಡುತ್ತಿರಿ. ಭಾನುವಾರ ಕೆಲಸ ಇಟ್ಟುಕೊಂಡಿದ್ದರೆ ಲೋಕಲ್ ರೈಲಿನ ಮೆಗಾ ಬ್ಲಾಕ್ ಇದೆಯಾ ಅಂತ ವಿಚಾರಿಸಿ, ಆಫೀಸಿನ ಕೀಲಿಯನ್ನು ಶನಿವಾರವೇ ಇಸ್ಕೊಂಡಿರಿ.