ಸೈಟು ಆನೇಕಲ್‌ನಲ್ಲಿ, ಕೇಸು ಎಲ್ಲಿ? ಬೆಂಗಳೂರು ಸುತ್ತಮುತ್ತಲ ಕೋರ್ಟುಗಳಲ್ಲಿ ದಾವೆ ಹುಡುಕುವುದು ಹೇಗೆ

ನನ್ನ ಚಿಕ್ಕಪ್ಪನ ಮಗ ಚಂದಾಪುರದ ಹತ್ತಿರ ಒಂದು ಸೈಟು ನೋಡಿದ್ದ. ಇಸಿ (ಋಣಭಾರ ಪ್ರಮಾಣಪತ್ರ) ತೆಗೆಸಿದ್ದಾಗಿತ್ತು, ಪಹಣಿ ನೋಡಿದ್ದಾಗಿತ್ತು, ಎಲ್ಲಾ ಸರಿಯಾಗಿಯೇ ಇತ್ತು. ಕೋರ್ಟ್ ಕೇಸ್ ಏನಾದರೂ ಇದೆಯಾ ಅಂತ ಇಬ್ಬರೂ ಕೂತು ಇ-ಕೋರ್ಟ್ಸ್ ವೆಬ್‌ಸೈಟಿನಲ್ಲಿ ಬೆಂಗಳೂರು ಅಂತ ಆರಿಸಿ ಮಾರುವವರ ಹೆಸರು ಹಾಕಿದೆವು. ಏನೂ ಬರಲಿಲ್ಲ. ಅಡ್ವಾನ್ಸ್ ಕೊಡುವುದಕ್ಕೆ ಎರಡು ದಿನ ಇದ್ದಾಗ ಪರಿಚಯದ ವಕೀಲರೊಬ್ಬರು ಫೋನಿನಲ್ಲಿ ಕೇಳಿದ್ದು ಒಂದೇ ಮಾತು: "ಗ್ರಾಮಾಂತರದಲ್ಲಿ ನೋಡಿದ್ರಾ?" ನೋಡಿದೆವು. ಮಾರುವವರ ತಂಗಿ ಪಾಲು ಕೇಳಿ ಹಾಕಿದ ದಾವೆ ಆನೇಕಲ್ ಕೋರ್ಟಿನಲ್ಲಿ ನಡೆಯುತ್ತಿತ್ತು.

ಅವತ್ತಿನಿಂದ ನೆಂಟರು, ಸ್ನೇಹಿತರು ಯಾರೇ ಜಾಗ ತಗೊಳ್ಳುತ್ತೇನೆ ಅಂದರೂ ನಾನು ಈ ಹುಡುಕಾಟ ಮಾಡಿಸುತ್ತೇನೆ. ದುಡ್ಡು ಖರ್ಚಾಗುವುದಿಲ್ಲ, ಒಂದು ಸಂಜೆ ಹೋಗುತ್ತದೆ, ಅಷ್ಟೇ.

ಮೊದಲು ತಲೆಗೆ ಹಾಕಿಕೊಳ್ಳಬೇಕಾದ್ದು ಇದು: ಕಂದಾಯ ಜಿಲ್ಲೆ ಬೇರೆ, ಕೋರ್ಟಿನ ಜಿಲ್ಲೆ ಬೇರೆ. ಆನೇಕಲ್ ತಾಲ್ಲೂಕು ಕಂದಾಯ ಲೆಕ್ಕದಲ್ಲಿ ಬೆಂಗಳೂರು ನಗರ ಜಿಲ್ಲೆ. ಆದರೆ ಅಲ್ಲಿನ ಕೋರ್ಟು ಬರುವುದು ಬೆಂಗಳೂರು ಗ್ರಾಮಾಂತರದ ಕೆಳಗೆ, ದೇವನಹಳ್ಳಿ, ದೊಡ್ಡಬಳ್ಳಾಪುರ, ಹೊಸಕೋಟೆ, ನೆಲಮಂಗಲದ ಜೊತೆ. ನಗರದ ಅಂಚಿನ ಹಳ್ಳಿಗಳದ್ದು ಇನ್ನೊಂದು ಕಥೆ. 2007ರಲ್ಲಿ 7 ನಗರಸಭೆ, 1 ಪುರಸಭೆ, 110 ಹಳ್ಳಿ ಸೇರಿಸಿ ಬಿಬಿಎಂಪಿ ಮಾಡಿದರು ಅಲ್ವಾ? ಅದಕ್ಕಿಂತ ಮುಂಚಿನ ದಾವೆಗಳು ಗ್ರಾಮಾಂತರದ ಕೋರ್ಟಿನಲ್ಲಿರಬಹುದು, ಆಮೇಲಿನವು ಸಿಟಿ ಸಿವಿಲ್ ಕೋರ್ಟಿನಲ್ಲಿರಬಹುದು. ಒಂದೇ ಸರ್ವೆ ನಂಬರಿಗೆ ಎರಡೂ ಕಡೆ ನೋಡಿ. ರಾಮನಗರ, ಮಾಗಡಿ, ಕನಕಪುರ, ಚನ್ನಪಟ್ಟಣ 2007ರವರೆಗೆ ಬೆಂಗಳೂರು ಗ್ರಾಮಾಂತರದಲ್ಲೇ ಇದ್ದವು. ರಾಮನಗರ ಜಿಲ್ಲೆಗೆ 2025ರಲ್ಲಿ ಬೆಂಗಳೂರು ದಕ್ಷಿಣ ಅಂತ ಹೆಸರು ಬದಲಾಯಿತು, ಹಾಗಾಗಿ ಪಟ್ಟಿಯಲ್ಲಿ ಹಳೇ ಹೆಸರು ಕಂಡರೆ ಗಾಬರಿಯಾಗಬೇಡಿ. ಚಿಕ್ಕಬಳ್ಳಾಪುರ ಕಡೆಯ ಜಮೀನಾದರೆ ಹಳೇ ಕೇಸಿಗೆ ಕೋಲಾರ ನೋಡಿ, ಅದೂ 2007ರಲ್ಲೇ ಬೇರೆಯಾದದ್ದು.

ಇದಕ್ಕಿಂತ ಮುಖ್ಯವಾದ ಇನ್ನೊಂದು ಕಾರಣ ಇದೆ, ಇದನ್ನು ತುಂಬಾ ಜನ ಬಿಟ್ಟುಬಿಡುತ್ತಾರೆ. ಸ್ಥಿರಾಸ್ತಿಯ ದಾವೆಯನ್ನು ಆಸ್ತಿ ಇರುವ ಜಾಗದ ಕೋರ್ಟಿನಲ್ಲೇ ಹಾಕಬೇಕು ಅನ್ನುವುದು ಸಿವಿಲ್ ಪ್ರಕ್ರಿಯಾ ಸಂಹಿತೆಯ 16ನೇ ಕಲಂ. ಆದರೆ ಆಸ್ತಿ ಎರಡು ಮೂರು ಕೋರ್ಟುಗಳ ವ್ಯಾಪ್ತಿಯಲ್ಲಿ ಹರಡಿದ್ದರೆ ಅವುಗಳಲ್ಲಿ ಯಾವುದಾದರೂ ಒಂದರಲ್ಲಿ ಹಾಕಬಹುದು ಅನ್ನುತ್ತದೆ 17ನೇ ಕಲಂ. ಒಂದು ಮನೆತನಕ್ಕೆ ಆನೇಕಲ್‌ನಲ್ಲಿ ಎರಡು ಎಕರೆ, ಮಾಲೂರಿನಲ್ಲಿ ಮೂರು ಎಕರೆ ಇದೆ ಅಂದುಕೊಳ್ಳಿ. ಮಾಲೂರಿಗೆ ಮದುವೆಯಾಗಿ ಹೋದ ಮಗಳು ಅಲ್ಲೇ ಪಾಲಿನ ದಾವೆ ಹಾಕಿದರೆ ಅದರಲ್ಲಿ ಆನೇಕಲ್ ಜಮೀನೂ ಸೇರಿರುತ್ತದೆ. ನೀವು ಆನೇಕಲ್‌ನಲ್ಲಿ ಎಷ್ಟು ಹುಡುಕಿದರೂ ಸಿಗುವುದಿಲ್ಲ. ಅತ್ತಿಬೆಲೆ ಕಡೆಯ ಕುಟುಂಬಗಳಿಗೆ ಗಡಿಯಾಚೆ ಹೊಸೂರಿನಲ್ಲೂ ಜಮೀನಿದ್ದರೆ ತಮಿಳುನಾಡು, ಕೃಷ್ಣಗಿರಿ ಜಿಲ್ಲೆ, ಹೊಸೂರು ಅಂತ ಆರಿಸಿ ಅಲ್ಲೂ ನೋಡಬೇಕು.

ಹಾಗಾಗಿ ಕಂಪ್ಯೂಟರ್ ಮುಟ್ಟುವ ಮೊದಲು ಒಂದು ಹಾಳೆ ತಗೊಳ್ಳಿ. ಎಡಗಡೆ ಕೋರ್ಟುಗಳು. ಜಮೀನಿರುವ ತಾಲ್ಲೂಕು, ಅದರ ಪಕ್ಕದ ತಾಲ್ಲೂಕುಗಳು, ಬೆಂಗಳೂರು ಸಿಟಿ, ಮಾರುವವರು ಈಗ ವಾಸ ಇರುವ ಊರು. ವಾಸದ ಊರು ಯಾಕೆ ಅಂದರೆ ಸಾಲ ವಸೂಲಿಯ ದಾವೆಯನ್ನು ಪ್ರತಿವಾದಿ ಇರುವ ಕಡೆ ಹಾಕಬಹುದು, ಅದರಲ್ಲಿ ಆಸ್ತಿ ಜಪ್ತಿಗೆ ಆದೇಶ ಆಗಿರಬಹುದು.

ಬಲಗಡೆ ಹೆಸರುಗಳು. ಬರೀ ಮಾರುವವರ ಹೆಸರು ಸಾಲದು. ವಂಶವೃಕ್ಷ ಕೇಳಿ ತಗೊಳ್ಳಿ, ಅದೇ ನಿಮ್ಮ ಹುಡುಕಾಟದ ಪಟ್ಟಿ. ತಾತ, ಅಪ್ಪ, ಅಣ್ಣತಮ್ಮಂದಿರು, ಮುಖ್ಯವಾಗಿ ಅಕ್ಕತಂಗಿಯರು. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಗಂಡುಮಕ್ಕಳಷ್ಟೇ ಹಕ್ಕು ಕೊಟ್ಟಿತು. ತಿದ್ದುಪಡಿ ಬಂದಾಗ ತಂದೆ ಬದುಕಿರಲೇಬೇಕು ಅಂತೇನಿಲ್ಲ ಎಂದು 2020ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅದು ನ್ಯಾಯವೇ. ಮದುವೆ ಮಾಡಿ ಕಳಿಸಿದೆವು, ಅವರದ್ದೇನಿದೆ ಅನ್ನುವವರ ಮಾತು ಕೇಳಿ ಸುಮ್ನೆ ಇರಬೇಡಿ, ಅವರ ಹೆಸರನ್ನೂ ಬರೆದುಕೊಳ್ಳಿ. ಇಸಿಯಲ್ಲಿ, ಪಹಣಿಯ 9ನೇ ಕಾಲಂನಲ್ಲಿ ಕಾಣುವ ಹಳೇ ಮಾಲೀಕರ ಹೆಸರು, ಲೇಔಟ್ ಮಾಡಿದವರ ಸಂಸ್ಥೆಯ ಹೆಸರು, ಜಿಪಿಎ (ಮಾಲೀಕರ ಪರವಾಗಿ ವ್ಯವಹರಿಸುವ ಅಧಿಕಾರಪತ್ರ) ಇಟ್ಟುಕೊಂಡವರ ಹೆಸರನ್ನೂ ಸೇರಿಸಿ.

ಈಗ ಇ-ಕೋರ್ಟ್ಸ್ ಸರ್ವೀಸಸ್ ತೆರೆಯಿರಿ. ಕೇಸ್ ಸ್ಟೇಟಸ್‌ಗೆ ಹೋಗಿ, ರಾಜ್ಯ, ಜಿಲ್ಲೆ, ಕೋರ್ಟ್ ಕಾಂಪ್ಲೆಕ್ಸ್ ಆರಿಸಿ, ಪಾರ್ಟಿ ನೇಮ್ ಒತ್ತಿ. ಹೆಸರಿನ ಕನಿಷ್ಠ ಮೂರು ಅಕ್ಷರ, ನೋಂದಣಿಯ ವರ್ಷ, ಕ್ಯಾಪ್ಚಾ. ಬಾಕಿ ಇರುವ ಕೇಸು, ಮುಗಿದ ಕೇಸು, ಎರಡೂ ಅಂತ ಆಯ್ಕೆ ಇದೆ. ಯಾವಾಗಲೂ ಎರಡೂ ಅನ್ನುವುದನ್ನೇ ಆರಿಸಿ. ಒಂದು ಸಲಕ್ಕೆ ಒಂದು ಕಾಂಪ್ಲೆಕ್ಸ್, ಒಂದು ವರ್ಷ ಮಾತ್ರ. ಬೆಂಗಳೂರು ಸಿಟಿ ಅಂದರೂ ಕೆ.ಜಿ. ರಸ್ತೆಯ ಸಿಟಿ ಸಿವಿಲ್ ಕೋರ್ಟ್ ಬೇರೆ, ಮೇಯೋ ಹಾಲ್ ಬೇರೆ, ಎರಡನ್ನೂ ನೋಡಬೇಕು. ಬೇಜಾರಿನ ಕೆಲಸ, ಒಪ್ಪುತ್ತೇನೆ. ಆದರೂ ಹಾಳೆಯಲ್ಲಿ ವರ್ಷದ ಮುಂದೆ ಟಿಕ್ ಹಾಕುತ್ತಾ ಹೋದರೆ ಬಿಟ್ಟುಹೋಗುವುದಿಲ್ಲ. ನಾನು ಕನಿಷ್ಠ 15 ವರ್ಷ ಹಿಂದಕ್ಕೆ ಹೋಗುತ್ತೇನೆ.

ನಿಜವಾದ ಕಷ್ಟ ಹೆಸರಿನ ಸ್ಪೆಲಿಂಗ್‌ದು. ಮುನಿಶಾಮಪ್ಪ ಅನ್ನುವ ಒಂದೇ ಹೆಸರನ್ನು ತಗೊಳ್ಳಿ. ಒಬ್ಬ ಗುಮಾಸ್ತರು ಎಸ್ ಆದಮೇಲೆ ಎಚ್ ಹಾಕಿರುತ್ತಾರೆ, ಇನ್ನೊಬ್ಬರು ಬರೀ ಎಸ್, ಮತ್ತೊಬ್ಬರು ಡಬ್ಲ್ಯೂ ಸೇರಿಸಿ ಮುನಿಸ್ವಾಮಪ್ಪ ಮಾಡಿರುತ್ತಾರೆ. ಲಕ್ಷ್ಮಮ್ಮನಿಗೆ ಕೆಲವು ಕಡೆ ಎಕ್ಸ್, ಕೆಲವು ಕಡೆ ಕೆ-ಎಸ್-ಎಚ್. ಇಡೀ ಹೆಸರು ಹಾಕಿದರೆ ಒಂದಕ್ಷರ ಆಚೀಚೆ ಆದರೂ ಸಿಗುವುದಿಲ್ಲ. ಮೊದಲ ನಾಲ್ಕು ಅಕ್ಷರ ಮಾತ್ರ ಹಾಕಿ, ಉದ್ದ ಪಟ್ಟಿ ಬರುತ್ತದೆ, ಕಣ್ಣಾಡಿಸಿ. ಇನಿಷಿಯಲ್ ಹಾಕಲೇಬೇಡಿ, ಅದು ಹೆಸರಿನ ಮುಂದೆಯೂ ಇರುತ್ತದೆ, ಹಿಂದೆಯೂ ಇರುತ್ತದೆ.

ಪಟ್ಟಿಯಲ್ಲಿ ಓಎಸ್ ಅಂತ ಇದ್ದರೆ ಮೂಲ ದಾವೆ, ಆರ್‌ಎ ಅಂದರೆ ಮೇಲ್ಮನವಿ, ಇಎಕ್ಸ್ ಅಂದರೆ ಡಿಕ್ರಿ ಜಾರಿಯ ಅರ್ಜಿ. ಎಫ್‌ಡಿಪಿ ಅಂತ ಕಂಡರೆ ಅಲ್ಲೇ ನಿಲ್ಲಿ. ಪಾಲಿನ ದಾವೆಯಲ್ಲಿ ಮೊದಲು ಯಾರಿಗೆ ಎಷ್ಟು ಪಾಲು ಅಂತ ಪ್ರಾಥಮಿಕ ಡಿಕ್ರಿ ಆಗುತ್ತದೆ, ಅಲ್ಲಿಗೆ ಓಎಸ್ ಮುಗಿದಿದೆ ಅಂತ ತೋರಿಸುತ್ತದೆ. ಆದರೆ ಜಮೀನನ್ನು ಅಳೆದು ಹಂಚುವ ಅಂತಿಮ ಡಿಕ್ರಿಯ ಕಲಾಪಕ್ಕೆ ನಮ್ಮ ಕೋರ್ಟುಗಳಲ್ಲಿ ಎಫ್‌ಡಿಪಿ ಅಂತ ಬೇರೆ ನಂಬರ್ ಕೊಡುವುದುಂಟು. "ಕೇಸ್ ಮುಗಿದೋಯ್ತು ಸಾರ್" ಅಂತ ಬ್ರೋಕರ್ ಹೇಳುವುದು ಓಎಸ್ ತೋರಿಸಿ. ಎಫ್‌ಡಿಪಿ ಇನ್ನೂ ನಡೆಯುತ್ತಿದ್ದರೆ ನೀವು ತಗೊಳ್ಳುವ ಜಾಗ ಯಾರ ಪಾಲಿಗೆ ಬೀಳುತ್ತದೋ ಯಾರಿಗೂ ಗೊತ್ತಿರುವುದಿಲ್ಲ.

ಕೇಸ್ ಸಿಕ್ಕಿದ ಕೂಡಲೇ ಸಿಎನ್‌ಆರ್ ನಂಬರ್ ಬರೆದುಕೊಳ್ಳಿ. 16 ಅಕ್ಷರ-ಅಂಕಿಗಳ ನಂಬರ್ ಅದು, ಮೊದಲ ಎರಡು ರಾಜ್ಯದ್ದು, ಕೊನೆಯ ನಾಲ್ಕು ವರ್ಷ. ಕೆಎಬಿಸಿ ಅಂತ ಶುರುವಾದರೆ ಬೆಂಗಳೂರು ಸಿಟಿ, ಕೆಎಎಚ್‌ಸಿ ಅಂತಿದ್ದರೆ ಹೈಕೋರ್ಟ್. ಮೊಬೈಲ್ ಆ್ಯಪ್‌ನಲ್ಲಿ ಈ ನಂಬರ್ ಹಾಕಿ ಸೇವ್ ಮಾಡಿದರೆ ಮುಂದಿನ ತಾರೀಖು ಸುಲಭವಾಗಿ ನೋಡಬಹುದು.

ಹೆಸರು ಹೊಂದಿತು ಅಂದಮಾತ್ರಕ್ಕೆ ಅದೇ ಮನುಷ್ಯ, ಅದೇ ಜಮೀನು ಅಂತಲ್ಲ. ಒಂದು ಹೋಬಳಿಯಲ್ಲೇ ಹತ್ತು ಜನ ವೆಂಕಟೇಶಪ್ಪ ಇರುತ್ತಾರೆ. ಸರ್ವೆ ನಂಬರ್ ಹಾಕಿ ಹುಡುಕುವ ದಾರಿ ಅಲ್ಲಿಲ್ಲ. ಕೇಸಿನ ಪುಟದ ಕೆಳಗೆ ಆದೇಶ, ತೀರ್ಪು ಇದ್ದರೆ ತೆರೆಯಿರಿ. ತೀರ್ಪಿನ ಕೊನೆಯಲ್ಲಿ ಸಾಮಾನ್ಯವಾಗಿ ಷೆಡ್ಯೂಲ್ ಇರುತ್ತದೆ: ಹಳ್ಳಿ, ಹೋಬಳಿ, ಸರ್ವೆ ನಂಬರ್, ಎಕರೆ-ಗುಂಟೆ, ಚಕ್ಕುಬಂದಿ. ಅದನ್ನು ನಿಮ್ಮ ಕ್ರಯಪತ್ರದ ಕರಡಿನ ಪಕ್ಕ ಇಟ್ಟುಕೊಂಡು ಪೂರ್ವಕ್ಕೆ ಯಾರ ಜಮೀನು, ಪಶ್ಚಿಮಕ್ಕೆ ಯಾವ ದಾರಿ ಅಂತ ಒಂದೊಂದೇ ಹೊಂದಿಸಿ. ತಂಗಿ ಹಾಕಿದ ಆ ದಾವೆಯಲ್ಲಿ ನಮಗೆ ಖಾತ್ರಿಯಾಗಿದ್ದು ಹೀಗೆ. ಒಂದು ಮಧ್ಯಂತರ ಆದೇಶದಲ್ಲಿ ಷೆಡ್ಯೂಲ್ ಇತ್ತು, ಉತ್ತರಕ್ಕೆ ಕೆರೆ ಕಾಲುವೆ ಅಂತ ಬರೆದಿತ್ತು, ನಾವು ನೋಡಿಬಂದ ಸೈಟಿನ ಬೆನ್ನಿಗೇ ಆ ಕಾಲುವೆ ಇತ್ತು.

ತೀರ್ಪು ಇನ್ನೂ ಆಗಿಲ್ಲದಿದ್ದರೆ ದಾವಾಪತ್ರದ ದೃಢೀಕೃತ ನಕಲು ತೆಗೆಸಬೇಕು. ನೀವು ಕೇಸಿನ ಪಕ್ಷಕಾರರಲ್ಲದಿದ್ದರೂ ಯಾಕೆ ಬೇಕು ಅಂತ ಪ್ರಮಾಣಪತ್ರ ಕೊಟ್ಟು ಅರ್ಜಿ ಹಾಕಬಹುದು, ವಕೀಲರ ಮೂಲಕ ಹಾಕಿದರೆ ಸಲೀಸು. ಇದಕ್ಕೆ ಆರ್‌ಟಿಐ ಹಾಕಿ ಸಮಯ ಕಳೆಯಬೇಡಿ. ಕೋರ್ಟಿನ ನಕಲು ಬೇಕಾದ ಹೊರಗಿನವರು ಕೋರ್ಟಿನ ನಿಯಮದ ಪ್ರಕಾರವೇ ಹೋಗಬೇಕು ಅಂತ ಸುಪ್ರೀಂ ಕೋರ್ಟ್ 2020ರ ಮಾರ್ಚ್‌ನಲ್ಲೇ ಹೇಳಿದೆ.

ಇಷ್ಟಾದರೆ ಜಿಲ್ಲಾ ಕೋರ್ಟು ಮುಗಿಯಿತು. ಹೈಕೋರ್ಟಿನದ್ದು ಬೇರೆ ಪುಟ. ಅಲ್ಲೂ ಅದೇ ಹೆಸರುಗಳನ್ನು ಹಾಕಿ, ಬೆಂಗಳೂರು ಸುತ್ತಲ ಜಮೀನಿಗೆ ಬೆಂಗಳೂರು ಪೀಠ ಸಾಕು. ಕಂದಾಯ ಕೋರ್ಟುಗಳನ್ನು ಮಾತ್ರ ಮರೆಯಬೇಡಿ. ತಹಶೀಲ್ದಾರ್, ಎಸಿ (ಉಪವಿಭಾಗಾಧಿಕಾರಿ), ಡಿಸಿ ಮುಂದಿರುವ ಮ್ಯುಟೇಶನ್ (ಖಾತೆ ಬದಲಾವಣೆ) ತಕರಾರು, ಪಿಟಿಸಿಎಲ್ ಕೇಸು ಇ-ಕೋರ್ಟ್ಸ್‌ನಲ್ಲಿ ಬರುವುದೇ ಇಲ್ಲ. ಪರಿಶಿಷ್ಟರಿಗೆ ಮಂಜೂರಾದ ಜಮೀನನ್ನು ಸರ್ಕಾರದ ಅನುಮತಿ ಇಲ್ಲದೆ ಮಾರಿದ್ದರೆ 1978ರ ಈ ಪಿಟಿಸಿಎಲ್ ಕಾಯ್ದೆ ಪ್ರಕಾರ ಎಸಿ ಆ ಮಾರಾಟವನ್ನೇ ರದ್ದು ಮಾಡಬಹುದು. ಕಂದಾಯ ಇಲಾಖೆಯ ಆರ್‌ಸಿಸಿಎಂಎಸ್ ಪುಟದಲ್ಲಿ ನೋಡಿ, ಹಕ್ಕು-ಋಣಗಳನ್ನು ಬರೆಯುವ ಪಹಣಿಯ 11ನೇ ಕಾಲಂ ಓದಿ, ಅನುಮಾನ ಬಂದರೆ ಎಸಿ ಕಚೇರಿಗೇ ಹೋಗಿ ಕೇಳಿ.

ಇಸಿಯಲ್ಲಿ ಏನೂ ಇಲ್ಲ ಅಂತ ನೆಮ್ಮದಿಯಾಗಿರುವವರಿಗೆ ಒಂದು ಮಾತು. ಇಸಿ ತೋರಿಸುವುದು ನೋಂದಣಿಯಾದ ಪತ್ರಗಳನ್ನು. ದಾವೆ ಹಾಕಿದರೆ ಅದು ತಾನಾಗಿಯೇ ಇಸಿಗೆ ಬಂದು ಕೂರುವುದಿಲ್ಲ. ಆದರೂ ದಾವೆ ನಡೆಯುತ್ತಿರುವಾಗ ಕೊಂಡವರಿಗೆ ಅದರ ತೀರ್ಪು ಅಂಟಿಕೊಳ್ಳುತ್ತದೆ, ಆಸ್ತಿ ವರ್ಗಾವಣೆ ಕಾಯ್ದೆಯ 52ನೇ ಕಲಂ ಇರುವುದೇ ಅದಕ್ಕೆ. ನನಗೆ ಗೊತ್ತಿರಲಿಲ್ಲ ಅಂದರೆ ಕೋರ್ಟು ಕೇಳುವುದಿಲ್ಲ.

ಅಗ್ರಿಮೆಂಟ್ ಆಗಿ ನೋಂದಣಿ ಆಗುವಷ್ಟರಲ್ಲಿ ಎರಡು ಮೂರು ತಿಂಗಳು ಹೋಗಿರುತ್ತದೆ, ಆ ಮಧ್ಯೆ ಹೊಸ ದಾವೆ ಬಿದ್ದಿರಬಹುದು. ಹಾಗಾಗಿ ಹಾಳೆಯನ್ನು ಬಿಸಾಕಬೇಡಿ. ಸಬ್‌ರಿಜಿಸ್ಟ್ರಾರ್ ಕಚೇರಿಗೆ ಹೊರಡುವ ಹಿಂದಿನ ಸಂಜೆ ಈ ವರ್ಷದ್ದನ್ನು ಮಾತ್ರ ಎಲ್ಲಾ ಕೋರ್ಟಿನಲ್ಲೂ ಇನ್ನೊಮ್ಮೆ ನೋಡಿ. ಅದೇ ವೆಬ್‌ಸೈಟಿನಲ್ಲಿ ಕೇವಿಯಟ್ (ನನ್ನನ್ನು ಕೇಳದೆ ಆದೇಶ ಮಾಡಬೇಡಿ ಅಂತ ಕೋರ್ಟಿಗೆ ಮೊದಲೇ ಕೊಡುವ ಅರ್ಜಿ) ಹುಡುಕುವ ಪುಟವೂ ಇದೆ, ಅದನ್ನೂ ತೆರೆಯಿರಿ. ಮಾರುವವರ ಮನೆಯವರು ಯಾರಾದರೂ ಕೇವಿಯಟ್ ಹಾಕಿದ್ದರೆ ಒಳಗೆ ಏನೋ ನಡೆಯುತ್ತಿದೆ ಅಂತ ಅರ್ಥ, ಅದೇನು ಅಂತ ತಿಳಿಯುವವರೆಗೆ ಡಿಡಿ ಕೈಬಿಡಬೇಡಿ.